ಆಸರೆ ಮನೆಯಲ್ಲಿ ಇರುವವರ ಮಾನಸಿಕ ಚಿಕಿತ್ಸೆ: ಕಾಸರಗೋಡಿನಲ್ಲಿ ಯಾವುದು ಮೊದಲು, ಯಾವುದು ಮತ್ತೆ

ಮಂಜೇಶ್ವರದಿಂದ ಹಿಡಿದು ಮುಳ್ಳೇರಿಯದವರೆಗೆ ಇಂಥ ಮನೆ ನಡೆಸುವವರು ಕೇಳುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಡಾಕ್ಟರಿಗೆ ತೋರಿಸಿ ಆಯ್ತು, ಮದ್ದು ತಂದಾಯ್ತು, ಊಟಕ್ಕೆ ಎಂತ ಕೊರತೆ ಇಲ್ಲ, ಆದ್ರೂ ಎರಡು ಮೂರು ತಿಂಗಳಲ್ಲಿ ಅದೇ ಮನುಷ್ಯ ಪುನಃ ಅಡ್ಮಿಟ್, ಇದು ಯಾಕೆ? ಡಾಕ್ಟರ್ ಸಿಗುದಿಲ್ಲ ಅಂತ ಹೇಳುವ ಕಾಲ ಇದಲ್ಲ, ಆಚೆ ಮಂಗಳೂರು ಉಂಟು, ಈಚೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ಉಂಟು. ತಪ್ಪುದು ಎಲ್ಲಿ ಅಂದ್ರೆ ಡಾಕ್ಟರ್ ಹೇಳಿದ್ದು ಮನೆಯ ಅಡಿಗೆಕೋಣೆ ತನಕ ಬಂದು ಮುಟ್ಟುದಿಲ್ಲ, ಮನೆಯಲ್ಲಿ ನಡೆದದ್ದು ಡಾಕ್ಟರ ತನಕ ಹೋಗುದಿಲ್ಲ. ಕೆಳಗೆ ಹೇಳಿದ್ದೆಲ್ಲ ಈ ಎರಡು ದಾರಿ ಸರಿ ಮಾಡುವುದಕ್ಕೆ.

ಆಸರೆ ಮನೆ ಅಂದ್ರೆ ಇಲ್ಲಿ ಆಸ್ಪತ್ರೆಯೂ ಅಲ್ಲದ ಸ್ವಂತ ಮನೆಯೂ ಅಲ್ಲದ ಜಾಗ: ಪುನರ್ವಸತಿ ಕೇಂದ್ರ, ಹಾಫ್‌ವೇ ಹೋಮ್, ನಾಲ್ಕೈದು ಜನ ಬಾಡಿಗೆ ಮನೆಯಲ್ಲಿ ಒಟ್ಟಿಗೆ ಇದ್ದು ಒಬ್ಬರು ಕೇರ್‌ಟೇಕರ್ ನೋಡಿಕೊಳ್ಳುವಂಥದ್ದು. ಮದ್ದಿನ ಡೋಸ್ ಎಷ್ಟು, ಯಾವುದು ನಿಲ್ಲಿಸಬೇಕು ಅಂತ ತೀರ್ಮಾನ ಮಾಡುದು ಡಾಕ್ಟರ ಕೆಲಸ, ಅದಕ್ಕೆ ಇದು ಬದಲಿ ಅಲ್ಲ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು

ದೊಡ್ಡ ಸಾಫ್ಟ್‌ವೇರ್ ಎಲ್ಲ ಬೇಡ. ಒಬ್ಬೊಬ್ಬರಿಗೆ ಒಂದೊಂದು ಪ್ಲಾಸ್ಟಿಕ್ ಫೈಲ್, ಗೆರೆ ಹಾಕಿದ ಎರಡು ದೊಡ್ಡ ಪುಸ್ತಕ (ಒಂದು ಮದ್ದಿಗೆ, ಒಂದು ದಿನದ ವರದಿಗೆ), ಬೀಗ ಇರುವ ಕಪಾಟು, ಬೆಳಿಗ್ಗೆ ಮಧ್ಯಾಹ್ನ ರಾತ್ರಿ ಅಂತ ಖಾನೆ ಇರುವ ಮಾತ್ರೆ ಡಬ್ಬಿ, ತೂಕ ನೋಡುವ ಮೆಷಿನ್, ಬಿಪಿ ಮೆಷಿನ್, ಥರ್ಮಾಮೀಟರ್, ಗೋಡೆಗೆ ತೂಗುಹಾಕುವ ಕ್ಯಾಲೆಂಡರ್. ಇಷ್ಟೇ.

ಮತ್ತೆ ರಿಜಿಸ್ಟ್ರೇಶನ್. ಮಾನಸಿಕ ಕಾಯಿಲೆ ಇರುವವರನ್ನು ಆರೈಕೆಗೆ, ಪುನರ್ವಸತಿಗೆ ಅಂತ ಇಟ್ಟುಕೊಳ್ಳುವ ಜಾಗ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ 2017ರ ಪ್ರಕಾರ 'ಮಾನಸಿಕ ಆರೋಗ್ಯ ಸಂಸ್ಥೆ' ಆಗ್ತದೆ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಕಡ್ಡಾಯ (ಸೆಕ್ಷನ್ 65). ಸಂಬಂಧಿಕರ ಅಥವಾ ಸ್ನೇಹಿತರ ಒಟ್ಟಿಗೆ ಇರುವ ಮನೆಗೆ ಮಾತ್ರ ಇದು ಅನ್ವಯ ಆಗುದಿಲ್ಲ. "ನಮ್ಮದು ಸೇವೆ, ದುಡ್ಡು ತೆಗೊಳ್ಳುದಿಲ್ಲ" ಅಂತ ಹೇಳಿದ್ರೆ ಕಾನೂನಿಗೆ ಸಾಕಾಗುದಿಲ್ಲ. ನಿಮ್ಮ ಮನೆ ಯಾವ ಲೆಕ್ಕಕ್ಕೆ ಬರ್ತದೆ ಅಂತ ಮೊದಲು ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ.

ಹಂತ 1: ಒಬ್ಬರ ಹೆಸರು ಬರೆಯಿರಿ

ಎಲ್ಲರೂ ನೋಡಿಕೊಳ್ತಾರೆ ಅಂದ್ರೆ ಯಾರೂ ನೋಡಿಕೊಳ್ಳುದಿಲ್ಲ. ಪ್ರತಿ ನಿವಾಸಿಗೆ ಒಬ್ಬ ಸ್ಟಾಫ್ ಜವಾಬ್ದಾರ, ಅವರ ಹೆಸರು ಫೈಲಿನ ಮೇಲೆಯೇ ಬರೀಬೇಕು. ಅಪಾಯಿಂಟ್‌ಮೆಂಟ್ ಯಾವಾಗ, ಮದ್ದು ಎಷ್ಟು ದಿನಕ್ಕೆ ಉಂಟು, ಮನೆಯವರು ಕೊನೆಗೆ ಫೋನ್ ಮಾಡಿದ್ದು ಯಾವತ್ತು, ಇದು ಮೂರು ಅವರಿಗೆ ಗೊತ್ತಿರಬೇಕು. ಅವರು ರಜೆ ಹೋಗುವಾಗ ಯಾರಿಗೆ ಒಪ್ಪಿಸ್ತಾರೆ ಅಂತಲೂ ಬರೀಬೇಕು, ಬಾಯಿಮಾತಲ್ಲಿ ಹೇಳಿ ಹೋದ್ರೆ ಆಗುದಿಲ್ಲ.

ಜನ ಹಂಚುವಾಗ ಭಾಷೆ ನೋಡಿ. ನಮ್ಮಲ್ಲಿ ಒಂದೇ ಮನೆಯಲ್ಲಿ ತುಳು, ಮಲಯಾಳ, ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಇರ್ತದೆ, ರೈಲಲ್ಲಿ ಬಂದು ಇಳಿದವರಾದ್ರೆ ಹಿಂದಿ ತೆಲುಗು ಕೂಡ. ಆರಾಮ ಇರುವಾಗ ಮಲಯಾಳದಲ್ಲಿ ಚೆಂದ ಮಾತಾಡುವ ಅಜ್ಜಿ ಕಾಯಿಲೆ ಜಾಸ್ತಿ ಆದಾಗ ತುಳು ಬಿಟ್ಟು ಬೇರೆ ಮಾತಾಡದೆ ಇರಬಹುದು. ಆಗ ಆ ತುಳು ಬರುವವರು ಮನೆಯಲ್ಲಿ ಒಬ್ಬರು ಬೇಕು.

ಹಂತ 2: ಡಾಕ್ಟರ ಹತ್ರ ಹೋಗುವ ಮೊದಲು ಫೈಲ್

ಹೆಚ್ಚಿನವರು ಹೊಸಬರು ಬಂದ ಕೂಡ್ಲೆ ಗಾಡಿ ಹತ್ತಿಸಿ ಆಸ್ಪತ್ರೆಗೆ ಓಡ್ತಾರೆ. ತುರ್ತು ಇದ್ರೆ ಸರಿ, ಇಲ್ಲದಿದ್ರೆ ಅದು ಒಂದು ದಿನ ದಂಡ. ಹಳೇ ಚೀಟಿ ಇಲ್ಲದೆ ಹೋದ್ರೆ ಡಾಕ್ಟರ್ ಸೊನ್ನೆಯಿಂದ ಶುರು ಮಾಡಬೇಕು, ಮೊದಲೇ ಕೊಟ್ಟು ಆಗದೆ ಬಿಟ್ಟ ಮದ್ದನ್ನೇ ಪುನಃ ಬರೆದ್ರೂ ಬರೆದಾರು.

ಫೈಲಿನ ಮೊದಲ ಪುಟದಲ್ಲಿ ಈ ವಿಷಯ: ಹೆಸರು, ಪ್ರಾಯ, ಭಾಷೆ, ಈಗ ತಗೊಳ್ಳುವ ಮದ್ದು ಡೋಸ್ ಸಮೇತ, ಯಾವ ಮದ್ದಿಗೆ ಅಲರ್ಜಿ, ಶುಗರ್ ಬಿಪಿ ಥೈರಾಯ್ಡ್ ಫಿಟ್ಸ್ ಉಂಟಾ, ಕುಡಿತ ಬೀಡಿ ಎಲೆಅಡಿಕೆ ಅಭ್ಯಾಸ, ಹಿಂದೆ ಜೀವಕ್ಕೆ ಅಪಾಯ ಮಾಡಿಕೊಂಡದ್ದು ಉಂಟಾ, ಯಾರಿಗೆ ಫೋನ್ ಮಾಡಬೇಕು. ಒಂದೇ ಪುಟ, ದೊಡ್ಡ ಅಕ್ಷರ. ರಾತ್ರಿ ಎರಡು ಗಂಟೆಗೆ ಕ್ಯಾಶುವಾಲಿಟಿಯಲ್ಲಿ ನಿಂತು ನಲ್ವತ್ತು ಪುಟ ತಿರುಗಿಸುವಷ್ಟು ಪುರುಸೊತ್ತು ಯಾರಿಗೂ ಇರುದಿಲ್ಲ. ಒಳಗೆ ಹಳೇ ಡಿಸ್ಚಾರ್ಜ್ ಸಮ್ಮರಿ, ಬ್ಲಡ್ ರಿಪೋರ್ಟ್ ಎಲ್ಲ ತಾರೀಖು ಪ್ರಕಾರ. ಚಿಕಿತ್ಸೆಯ ದಾಖಲೆ ಕೇಳಿ ಪಡೆಯುದು ರೋಗಿಯ ಹಕ್ಕು, ಅದೇ ಕಾಯ್ದೆಯ ಸೆಕ್ಷನ್ 25ರಲ್ಲಿ ಉಂಟು. ಹಾಗಾಗಿ ಹಳೇ ಆಸ್ಪತ್ರೆಯವರು ಕೊಡುದಿಲ್ಲ ಅಂದ್ರೆ ಸುಮ್ಮನೆ ವಾಪಸ್ ಬರಬೇಡಿ, ಒಂದು ಅರ್ಜಿ ಬರೆದು ಕೊಡಿ.

ಒಂದು ಮಾತು ಇಲ್ಲೇ ಹೇಳಿಬಿಡ್ತೇನೆ. ಫೈಲಿನ ಫೋಟೋ ತೆಗೆದು ಸ್ಟಾಫ್ ವಾಟ್ಸಾಪ್ ಗ್ರೂಪಿಗೆ ಹಾಕುದು, ದಾನಿಗಳ ಗ್ರೂಪಿಗೆ "ಇವರು ಹೇಗಿದ್ರು, ಈಗ ಹೇಗಾದ್ರು" ಅಂತ ಮುಖ ತೋರಿಸುದು, ಇದನ್ನು ಇವತ್ತೇ ನಿಲ್ಲಿಸಿ. ಕಾಯಿಲೆಯ ವಿಷಯ ಗುಟ್ಟಾಗಿ ಇಡುದು ಕಾನೂನು (ಸೆಕ್ಷನ್ 23), ಅವರ ಒಪ್ಪಿಗೆ ಇಲ್ಲದೆ ಫೋಟೋ ಮೀಡಿಯಾಕ್ಕೆ ಕೊಡುವ ಹಾಗಿಲ್ಲ (ಸೆಕ್ಷನ್ 24). ದಾನ ಬರ್ತದೆ ನಿಜ, ಆದ್ರೆ ಆ ಹುಡುಗಿ ಗುಣ ಆಗಿ ಊರಿಗೆ ಹೋದ ಮೇಲೂ ಆ ಫೋಟೋ ಮೊಬೈಲಿಂದ ಮೊಬೈಲಿಗೆ ಹೋಗ್ತಾ ಇರ್ತದೆ.

ಹಂತ 3: ಒಪ್ಪಿಗೆ ಮತ್ತು ಪ್ರತಿನಿಧಿ

ಈ ಹಂತ ಬಿಟ್ಟವರು ಆಮೇಲೆ ಆಸ್ಪತ್ರೆ ಬಾಗಿಲಲ್ಲಿ ಸಿಕ್ಕಿಬೀಳ್ತಾರೆ. ಆ ವ್ಯಕ್ತಿ ಆರಾಮ ಇರುವಾಗಲೇ ಕೂತು ಮಾತಾಡಿ, ಹುಷಾರಿಲ್ಲದೆ ಆದ್ರೆ ನಿನ್ನ ಪರವಾಗಿ ಯಾರು ಮಾತಾಡಬೇಕು ಅಂತ ಕೇಳಿ. ಅವರು ಹೇಳುವ 18 ವರ್ಷ ದಾಟಿದ, ಒಪ್ಪುವ ಒಬ್ಬರನ್ನು ನಾಮನಿರ್ದೇಶಿತ ಪ್ರತಿನಿಧಿ ಮಾಡಬಹುದು. ಸ್ಟಾಂಪ್ ಪೇಪರ್ ಬೇಡ, ಬಿಳಿ ಕಾಗದದಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದ್ರೆ ಆಯ್ತು (ಸೆಕ್ಷನ್ 14). ಅಣ್ಣನೇ ಆಗಬೇಕು ಅಂತ ಇಲ್ಲ, ಅಣ್ಣನ ಹತ್ರ ಆಸ್ತಿ ತಕರಾರು ಇದ್ರೆ ಅವರು ಬೇಡ ಅಂತ ಹೇಳುವ ಹಕ್ಕು ನಿವಾಸಿಗೆ ಉಂಟು.

ಸಾಮಾನ್ಯ ತಪ್ಪು: ಸೇರಿಸುವ ದಿನ ಮನೆಯವರ ಹತ್ರ ಹತ್ತು ಕಾಗದಕ್ಕೆ ಸಹಿ ತೆಗೊಂಡು ನಿವಾಸಿಯ ಹತ್ರ ಒಂದು ಮಾತೂ ಕೇಳದೆ ಇರುದು. ಕಾಯಿಲೆ ಉಂಟು ಅಂದ ಮಾತ್ರಕ್ಕೆ ತೀರ್ಮಾನ ಮಾಡುವ ಶಕ್ತಿ ಇಲ್ಲ ಅಂತ ಕಾನೂನು ಹೇಳುದಿಲ್ಲ.

ಹಂತ 4: ಎರಡು ಕಡೆ ಡಾಕ್ಟರ್, ಒಂದೇ ಚೀಟಿ

ಗಡಿಯಲ್ಲಿ ಇರುವ ನಮಗೆ ಇದು ದೊಡ್ಡ ವಿಷಯ. ಉಪ್ಪಳ ಹೊಸಂಗಡಿ ಕಡೆಯವರು ಮಂಗಳೂರಿಗೆ ಹೋಗುದು ಸಹಜ, ಬಸ್ಸು ಉಂಟು, ಕನ್ನಡ ತುಳು ಮಾತಾಡುವ ಡಾಕ್ಟರ್ ಉಂಟು. ಆದ್ರೆ 2020ರ ಮಾರ್ಚಲ್ಲಿ ಕರ್ನಾಟಕದವರು ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಎಂತ ಆಯ್ತು ಅಂತ ಎಲ್ಲರಿಗೂ ನೆನಪುಂಟು, ಆಂಬುಲೆನ್ಸ್ ಕೂಡ ಆಚೆ ಹೋಗ್ಲಿಕ್ಕೆ ಆಗದೆ ಕೇಸು ಹೈಕೋರ್ಟಿಗೆ ಹೋಯ್ತು. ಹಾಗಾಗಿ ಮುಖ್ಯ ಡಾಕ್ಟರ್ ಎಲ್ಲೇ ಇರಲಿ, ಗಡಿಯ ಈಚೆ ಒಂದು ಕಡೆ ನಿವಾಸಿಯ ಹೆಸರಲ್ಲಿ ಓಪಿ ಚೀಟಿ ಮಾಡಿಸಿ ಇಡಿ. ಕಾಸರಗೋಡು ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ, ಇಲ್ಲದಿದ್ರೆ ಜಿಲ್ಲಾ ಕಾರ್ಯಕ್ರಮದ ತಂಡ ಬರುವ ಹತ್ತಿರದ ಸರ್ಕಾರಿ ಆಸ್ಪತ್ರೆ. ತಂಡ ಯಾವ ದಿನ ಎಲ್ಲಿಗೆ ಬರ್ತದೆ ಅಂತ ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಹತ್ರ ಕೇಳಿದ್ರೆ ಗೊತ್ತಾಗ್ತದೆ. ತುಂಬಾ ದಿನ ವಾರ್ಡಲ್ಲಿ ಇಡಬೇಕಾದ್ರೆ ಉತ್ತರ ಕೇರಳದವರಿಗೆ ಕೋಝಿಕ್ಕೋಡಿನ ಕುದಿರವಟ್ಟಂ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರ ಉಂಟು.

ಎರಡು ಕಡೆ ಹೋಗುವಾಗ ಬರುವ ದೊಡ್ಡ ಅಪಾಯ ಡಬಲ್ ಡೋಸ್. ಮಂಗಳೂರಿನ ಮೆಡಿಕಲ್‌ನಿಂದ ತಂದ ಸ್ಟ್ರಿಪ್ಪಲ್ಲಿ ಕಂಪೆನಿ ಇಟ್ಟ ಹೆಸರು, ಇಲ್ಲಿಯ ಸರ್ಕಾರಿ ಫಾರ್ಮಸಿಯಿಂದ ಕೊಟ್ಟ ಸ್ಟ್ರಿಪ್ಪಲ್ಲಿ ಮದ್ದಿನ ಮೂಲ ಹೆಸರು, ನೋಡ್ಲಿಕ್ಕೆ ಬಣ್ಣ ಆಕಾರ ಎಲ್ಲ ಬೇರೆ, ಒಳಗೆ ಇರುದು ಅದೇ ಒಲಾಂಜಪಿನ್ ಅಥವಾ ಅದೇ ರಿಸ್ಪೆರಿಡೋನ್. ಪಾಪ ಸ್ಟಾಫ್ ಎರಡನ್ನೂ ಕೊಡ್ತಾರೆ, ಎರಡು ದಿನದಲ್ಲಿ ಆ ಮನುಷ್ಯ ಗಂಜಿ ಬಟ್ಟಲ ಮುಂದೆ ಕೂತಲ್ಲೇ ತೂಕಡಿಸ್ತಾನೆ. ಅದಕ್ಕೆ ಪುಸ್ತಕದಲ್ಲಿ ಯಾವಾಗಲೂ ಮೂಲ ಹೆಸರೇ ಬರೀಬೇಕು, ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಅದು ಇದ್ದೇ ಇರ್ತದೆ. ಹೊಸ ಚೀಟಿ ಬಂದ ದಿನ ಹಳೇ ಚೀಟಿಗೆ ಅಡ್ಡಗೆರೆ ಎಳೆದು ತಾರೀಖು ಹಾಕಿ. ಎರಡು ಚೀಟಿ ಒಟ್ಟಿಗೆ ಜೀವಂತ ಇರಬಾರದು.

ಡಾಕ್ಟರ ಎದುರು ಸಿಗುದು ಕೆಲವೇ ನಿಮಿಷ. "ಆರಾಮ ಇದ್ದಾರೆ ಡಾಕ್ಟ್ರೆ" ಅಂತ ಹೇಳಿ ಬರಬೇಡಿ. ಹೋಗುವ ಮೊದಲೇ ಒಂದು ಚೀಟಿಯಲ್ಲಿ ನಾಲ್ಕು ಸಾಲು: ನಿದ್ದೆ ಎಷ್ಟು ಗಂಟೆ, ತೂಕ ಎಷ್ಟು, ಮದ್ದು ತಪ್ಪಿದ್ದು ಎಷ್ಟು ಸಲ, ಹೊಸತಾಗಿ ಕಂಡದ್ದು ಎಂತ. ವಾಪಸ್ ಬರುವ ಮೊದಲು ಮೂರು ಪ್ರಶ್ನೆ ಕೇಳಿ: ಮದ್ದಲ್ಲಿ ಎಂತ ಬದಲಾಯ್ತು, ಬ್ಲಡ್ ಟೆಸ್ಟ್ ಯಾವಾಗ, ಎಂತ ಕಂಡ್ರೆ ಕಾಯದೆ ಬರಬೇಕು. ಡಾಕ್ಟರ್ ಮಲಯಾಳದಲ್ಲಿ ಹೇಳಿದ್ದು ಪೂರ್ತಿ ಅರ್ಥ ಆಗದಿದ್ರೆ ತಲೆ ಆಡಿಸಿ ಹೊರಗೆ ಬರುವುದಕ್ಕಿಂತ ಇನ್ನೊಮ್ಮೆ ಕೇಳುದು ಒಳ್ಳೇದು, ಬೈದ್ರೆ ಬೈಯಲಿ.

ಹಂತ 5: ಮದ್ದು ಕಪಾಟಿನಿಂದ ಹೊಟ್ಟೆ ತನಕ

ಎಲ್ಲಕ್ಕಿಂತ ಹೆಚ್ಚು ಎಡವುದು ಇಲ್ಲಿ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ.

ಡಬ್ಬಿ ತುಂಬಿಸುದು ಒಬ್ಬರು, ಚೀಟಿ ಹಿಡಿದು ತಾಳೆ ನೋಡುದು ಇನ್ನೊಬ್ಬರು. ಲಕೋಟೆ ಮೇಲೆ ಫಾರ್ಮಸಿಯವರು ಮಲಯಾಳದಲ್ಲಿ ಬರೆದದ್ದು ಓದ್ಲಿಕ್ಕೆ ಬಾರದಿದ್ರೆ ಅಂದಾಜು ಮಾಡಬೇಡಿ, 1-0-1 (ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು) ಅಂತ ಅಂಕೆಯಲ್ಲೇ ಬರೆಸಿಕೊಳ್ಳಿ. ಕೊಡುವಾಗ ಒಬ್ಬೊಬ್ಬರಿಗೆ, ನೀರಿನ ಒಟ್ಟಿಗೆ, ಎದುರೇ ನುಂಗುವ ಹಾಗೆ. ಕೊಟ್ಟ ಮೇಲೆ ಪುಸ್ತಕದಲ್ಲಿ ಸಹಿ, ಕೊಡುವ ಮೊದಲು ಅಲ್ಲ. ಬೆಳಿಗ್ಗೆ ಕೂತು ಮೂರು ಹೊತ್ತಿನ ಸಹಿ ಒಟ್ಟಿಗೆ ಹಾಕಿದ ಪುಸ್ತಕ ನೋಡಿದ್ರೆ ಗೊತ್ತಾಗ್ತದೆ, ಒಂದೇ ಪೆನ್ನು, ಒಂದೇ ಬಣ್ಣ, ಅಕ್ಷರದ ಓರೆ ಕೂಡ ಒಂದೇ. ಅಂಥ ಪುಸ್ತಕ ಇಡುವ ಬದಲು ಇಡದೆ ಇದ್ರೆ ಕನಿಷ್ಠ ಮೋಸ ಹೋಗುದಾದ್ರೂ ತಪ್ಪುತ್ತಿತ್ತು.

ಮದ್ದು ಬೇಡ ಅಂದ್ರೆ ಸಾಂಬಾರಿಗೆ ಹಾಕಿ ಕೊಡುದು, ಚಹಾದಲ್ಲಿ ಕರಗಿಸುದು ಬೇಡ. ಒಮ್ಮೆ ಗೊತ್ತಾದ್ರೆ ಮದ್ದನ್ನೂ ನಂಬುದಿಲ್ಲ, ಊಟವನ್ನೂ ನಂಬುದಿಲ್ಲ. ಯಾಕೆ ಬೇಡ ಅಂತ ಕೇಳಿ, ಹೆಚ್ಚಾಗಿ ಕಾರಣ ಸೈಡ್ ಎಫೆಕ್ಟ್: ನಿದ್ದೆ, ಬಾಯಿ ಒಣಗುದು, ತೂಕ, ಗಂಡ ಹೆಂಡತಿ ಸಂಬಂಧದ ತೊಂದರೆ. ಅದನ್ನು ಡಾಕ್ಟರಿಗೆ ಹೇಳಿದ್ರೆ ದಾರಿ ಉಂಟು. ದಿನಾ ಮಾತ್ರೆ ಆಗದವರಿಗೆ ಕೆಲವು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಕೂಡ ಉಂಟು, ಅದರ ತಾರೀಖನ್ನು ಗೋಡೆ ಕ್ಯಾಲೆಂಡರಲ್ಲಿ ಕೆಂಪಲ್ಲಿ ಹಾಕಿ.

ಕೆಲವು ಮದ್ದಿಗೆ ಪ್ರತ್ಯೇಕ ಜಾಗ್ರತೆ ಬೇಕು:

ಲಿಥಿಯಂ. ರಕ್ತದಲ್ಲಿ ಎಷ್ಟು ಉಂಟು ಅಂತ ಆಗಾಗ ನೋಡಬೇಕು, ಕೊನೇ ಡೋಸ್ ಆಗಿ 12 ಗಂಟೆ ಕಳೆದ ಮೇಲೆ ರಕ್ತ ತೆಗೀಬೇಕು. ರಾತ್ರಿ 9ಕ್ಕೆ ಕೊಟ್ರೆ ಬೆಳಿಗ್ಗೆ 9ಕ್ಕೆ, ಬೆಳಗಿನ ಮಾತ್ರೆ ಕೊಡುವ ಮೊದಲು. ಕೊಟ್ಟು ಕರ್ಕೊಂಡು ಹೋದ್ರೆ ರಿಪೋರ್ಟ್ ತಪ್ಪು ಬರ್ತದೆ. ಏಪ್ರಿಲ್ ಮೇ ಸೆಕೆಯಲ್ಲಿ ಬೆವರಿ, ಅಥವಾ ವಾಂತಿ ಭೇದಿ ಆಗಿ ಮೈಯ ನೀರು ಕಮ್ಮಿ ಆದ್ರೆ ಲಿಥಿಯಂ ಏರ್ತದೆ. ಮೈಕೈ ನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೇನ್ ಕೇಳದೆ ಕೊಟ್ರೂ ಏರಬಹುದು. ಕೈ ಜೋರು ನಡುಗುದು, ಮಾತು ತೊದಲುದು, ಓಲಾಡುದು, ವಾಂತಿ ಭೇದಿ ಕಂಡ್ರೆ ಮುಂದಿನ ಡೋಸ್ ಕೊಡುವ ಮೊದಲು ಡಾಕ್ಟರಿಗೆ ಫೋನ್, ಸಿಗದಿದ್ರೆ ಸೀದಾ ಕ್ಯಾಶುವಾಲಿಟಿ.

ಕ್ಲೋಜಪಿನ್. ಬಿಳಿ ರಕ್ತಕಣ ಕಮ್ಮಿ ಆಗುವ ಅಪಾಯ ಉಂಟು, ಹಾಗಾಗಿ ಶುರುವಿನ ತಿಂಗಳುಗಳಲ್ಲಿ ವಾರವಾರ ರಕ್ತ ಪರೀಕ್ಷೆ, ಮತ್ತೆ ಡಾಕ್ಟರ್ ಹೇಳಿದ ಅಂತರದಲ್ಲಿ. ಜ್ವರ ಗಂಟಲು ನೋವು ಬಂದ್ರೆ ಕಷಾಯ ಕುಡಿಸಿ ನೋಡುವ ಅಂತ ಕಾಯುವ ಹಾಗಿಲ್ಲ, ಅವತ್ತೇ ರಕ್ತ ನೋಡಿಸಬೇಕು. ಮಲಬದ್ಧತೆಯನ್ನು ಕೂಡ ಹಗುರ ಮಾಡಬೇಡಿ, ಎರಡು ಮೂರು ದಿನ ಹೊರಗೆ ಹೋಗದೆ ಹೊಟ್ಟೆ ಉಬ್ಬಿದ್ರೆ ಅದು ಆಸ್ಪತ್ರೆ ವಿಷಯ. 48 ಗಂಟೆಗಿಂತ ಹೆಚ್ಚು ತಪ್ಪಿದ್ರೆ ಹಳೇ ಡೋಸಿಂದಲೇ ಪುನಃ ಶುರು ಮಾಡಬಾರದು, ಡಾಕ್ಟರ್ ಸಣ್ಣ ಡೋಸಿಂದ ಏರಿಸಬೇಕು.

ಬೀಡಿ ವಿಷಯ ಇಲ್ಲೇ ಬರ್ತದೆ, ಯಾರೂ ಹೇಳುದಿಲ್ಲ. ಬೀಡಿ ಸಿಗರೇಟಿನ ಹೊಗೆ ಕ್ಲೋಜಪಿನ್, ಒಲಾಂಜಪಿನ್ ಎರಡನ್ನೂ ಮೈಯಲ್ಲಿ ಬೇಗ ಕರಗಿಸ್ತದೆ. ದಿನಕ್ಕೆ ಒಂದು ಕಟ್ಟು ಸೇದುವವರು ವಾರ್ಡಲ್ಲಿ ಬೀಡಿ ಇಲ್ಲದೆ ಇದ್ದಾಗ ಡಾಕ್ಟರ್ ಒಂದು ಡೋಸಿಗೆ ನಿಲ್ಲಿಸ್ತಾರೆ, ಮನೆಗೆ ಬಂದು ಪುನಃ ಕಟ್ಟು ಶುರು ಮಾಡಿದ್ರೆ ಅದೇ ಡೋಸ್ ಸಾಕಾಗದೆ ಕಾಯಿಲೆ ಎದ್ದು ಬರ್ತದೆ. ಉಲ್ಟಾ ಕೂಡ ಹೌದು, ನೀವು ಒಳ್ಳೇದಕ್ಕೆ ಅಂತ ಒಂದೇ ದಿನ ಬೀಡಿ ಪೂರ್ತಿ ಬಂದ್ ಮಾಡಿಸಿದ್ರೆ ಮದ್ದು ಜಾಸ್ತಿ ಆಗಿ ಎದ್ದು ನಿಲ್ಲಿಕ್ಕೆ ಆಗದೆ ಇರಬಹುದು. ಬಿಡಿಸಿ, ಆದ್ರೆ ಡಾಕ್ಟರಿಗೆ ಹೇಳಿ ಬಿಡಿಸಿ.

ನಿದ್ದೆ ಮಾತ್ರೆ, ಲೊರಾಜೆಪಾಮ್ ಕ್ಲೊನಾಜೆಪಾಮ್ ಜಾತಿಯದ್ದು, ತುಂಬಾ ದಿನ ತಗೊಂಡವರಿಗೆ ಸ್ಟಾಕ್ ಮುಗೀತು ಅಂತ ಒಮ್ಮೆಲೇ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು. ಸ್ಟಾಕ್ ಎಣಿಸಿ ಇಡಿ. ವಾಲ್‌ಪ್ರೋಯೇಟ್ ತಗೊಳ್ಳುವ ಮಕ್ಕಳಾಗುವ ಪ್ರಾಯದ ಹೆಂಗಸರಿದ್ರೆ ಆ ವಿಷಯ ಡಾಕ್ಟರ ಹತ್ರ ಬಾಯಿಬಿಟ್ಟು ಕೇಳಿ, ಹೊಟ್ಟೆಯಲ್ಲಿರುವ ಮಗುವಿಗೆ ಅದು ತೊಂದರೆ ಮಾಡ್ತದೆ.

ರಂಜಾನ್ ಬರುವ ಮೊದಲೇ ಉಪವಾಸ ಹಿಡಿಯುವವರ ಮದ್ದಿನ ಹೊತ್ತು ಬದಲಿಸುವ ಬಗ್ಗೆ ಕೇಳಿ ಇಟ್ಟುಕೊಳ್ಳಿ, ಲಿಥಿಯಂ ಇದ್ದವರಾದ್ರೆ ಖಂಡಿತ. ಮಳೆಗಾಲಕ್ಕೆ ಮೊದಲು ಎರಡು ವಾರಕ್ಕೆ ಆಗುವಷ್ಟು ಹೆಚ್ಚಿನ ಮದ್ದು ಕಪಾಟಲ್ಲಿ ಇರಲಿ, ಬಂದಡ್ಕ ಅಡೂರು ಕಡೆ ಮರ ಬಿದ್ದು ರೋಡ್ ಬಂದ್ ಆದ್ರೆ ಯಾರೂ ತಂದುಕೊಡುದಿಲ್ಲ.

ಹಂತ 6: ಯಾವುದು ಕಾಯಿಲೆ, ಯಾವುದು ಮದ್ದಿನ ತೊಂದರೆ

ದಿನದ ಪುಸ್ತಕದಲ್ಲಿ "ನಾರ್ಮಲ್" ಅಂತ ಬರೀಬೇಡಿ. ನಿದ್ದೆ, ಊಟ, ಸ್ನಾನ, ಮಾತು, ಕೆಲಸ, ಐದಕ್ಕೆ ಒಂದೊಂದು ಶಬ್ದ ಸಾಕು. ಕಾಯಿಲೆ ತಿರುಗಿ ಬರುವ ಮೊದಲು ಹೆಚ್ಚಿನವರಲ್ಲಿ ನಿದ್ದೆ ಕೆಡ್ತದೆ, ಸ್ನಾನ ಬಿಡ್ತಾರೆ, ಒಬ್ಬರೇ ಕೂರ್ತಾರೆ ಅಥವಾ ಮಾತು ನಿಲ್ಲುದೇ ಇಲ್ಲ. ಆದ್ರೆ ಒಬ್ಬೊಬ್ಬರಿಗೆ ಅವರದ್ದೇ ಒಂದು ಗುರುತು ಇರ್ತದೆ, ಒಬ್ಬರು ರೇಡಿಯೋ ಆಫ್ ಮಾಡ್ಲಿಕ್ಕೆ ಶುರು ಮಾಡಿದ್ರೆ, ಇನ್ನೊಬ್ಬರು ರಾತ್ರಿ ಚೀಲ ಕಟ್ಟಿದ್ರೆ, ಅದು ಸುರು ಆಯ್ತು ಅಂತ. ಆರಾಮ ಇರುವಾಗ ಅವರ ಹತ್ರವೇ ಕೇಳಿ, ಅವರಿಗೆ ಗೊತ್ತಿರ್ತದೆ. ಅದನ್ನು ಫೈಲಿನ ಮೊದಲ ಪುಟಕ್ಕೆ ಹಾಕಿ.

ಜನ ತಪ್ಪು ತಿಳಿಯುವ ಮೂರು ವಿಷಯ ಉಂಟು. ಒಂದು, ಕುತ್ತಿಗೆ ಒಂದು ಬದಿಗೆ ತಿರುಚಿ ಕಣ್ಣು ಮೇಲೆ ಸಿಕ್ಕಿಕೊಳ್ಳುದು, ನಾಲಗೆ ಹೊರಳದೆ ಇರುದು. ನೋಡಿದವರು ಹೆದರಿ ಮೈಮೇಲೆ ಬಂದದ್ದು ಅಂತ ನೂಲು ಕಟ್ಟಿಸ್ಲಿಕ್ಕೆ ಹೋಗ್ತಾರೆ. ಇದು ಹ್ಯಾಲೋಪೆರಿಡಾಲ್ ತರದ ಮದ್ದಿನ ಸೈಡ್ ಎಫೆಕ್ಟ್, ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ರೆ ಬೇಗ ಬಿಡ್ತದೆ. ಎರಡು, ಕೂತಲ್ಲಿ ಕೂರಲಿಕ್ಕಾಗದೆ ಜಗಲಿಯಲ್ಲಿ ಆಚೆ ಈಚೆ ನಡೀತಾ ಇರುದು. ಕಾಯಿಲೆ ಜಾಸ್ತಿ ಆಯ್ತು ಅಂತ ವರದಿ ಕೊಟ್ರೆ ಡೋಸ್ ಏರಬಹುದು, ತಳಮಳ ಇನ್ನೂ ಹೆಚ್ಚಾಗಬಹುದು, ನಿಜಕ್ಕೂ ಅದು ಕೂಡ ಮದ್ದಿಂದಲೇ ಬಂದದ್ದಾಗಿರಬಹುದು. "ಒಳಗಿಂದ ತಳಮಳ ಆಗ್ತದಾ, ಕಾಲು ನಿಲ್ಲುದಿಲ್ವಾ" ಅಂತ ಕೇಳಿ, ಅವರ ಉತ್ತರವನ್ನೇ ಡಾಕ್ಟರಿಗೆ ಹೇಳಿ. ಮೂರು, ಜೋರು ಜ್ವರ, ಮೈ ಹಲಗೆಯ ಹಾಗೆ ಬಿಗಿ, ಬೆವರು, ಗೊಂದಲ, ಎಲ್ಲ ಒಟ್ಟಿಗೆ. ಇದು ಜೀವಕ್ಕೆ ಅಪಾಯ, ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ.

ಕುಡಿತ ಇರುವವರು ಸೇರಿದ್ರೆ ಮೊದಲ ನಾಲ್ಕೈದು ದಿನ ಪ್ರತ್ಯೇಕ ಕಣ್ಣು ಬೇಕು. ಒಮ್ಮೆಲೇ ನಿಂತಾಗ ನಡುಕ, ಇಲ್ಲದ್ದು ಕಾಣುದು, ಫಿಟ್ಸ್ ಬರಬಹುದು, ಅದಕ್ಕೆ ಆಸ್ಪತ್ರೆ ಬೇಕು, ಕೋಣೆ ಅಲ್ಲ.

ತಿಂಗಳಿಗೊಮ್ಮೆ ತೂಕ ಮತ್ತು ಬಿಪಿ, ಡಾಕ್ಟರ್ ಹೇಳಿದಾಗ ಶುಗರ್. ಮೂರು ಹೊತ್ತು ಕುಚ್ಚಲಕ್ಕಿ ಅನ್ನ, ದಾನಿಗಳು ತಂದ ಲಾಡು ಹೋಳಿಗೆ, ಒಲಾಂಜಪಿನ್, ಮಧ್ಯಾಹ್ನ ನಿದ್ದೆ ಎಲ್ಲ ಸೇರಿದ್ರೆ ಶುಗರ್ ಶುರು ಆಗಬಹುದು.

ಹಂತ 7: ತುರ್ತು ಬಂದಾಗ

ಇದನ್ನು ಮೊದಲೇ ಬರೆದು ಗೋಡೆಗೆ ಅಂಟಿಸಿ, ಆ ಹೊತ್ತಿಗೆ ಯಾರಿಗೂ ತಲೆ ಓಡುದಿಲ್ಲ. ಆಂಬುಲೆನ್ಸ್ 108, ಪೊಲೀಸ್ 112, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಟೆಲಿ ಮಾನಸ್ 24 ಗಂಟೆಯೂ ಉಂಟು, ಫ್ರೀ, ಕನ್ನಡದಲ್ಲಿಯೂ ಮಾತಾಡ್ಲಿಕ್ಕೆ ಸಿಗ್ತದೆ, ಸ್ಟಾಫಿಗೆ ಎಂತ ಮಾಡುದು ಗೊತ್ತಾಗದಿದ್ರೆ ಅವರೂ ಮಾಡಬಹುದು.

ಗಲಾಟೆ ಆದ್ರೆ ಮೊದಲು ಸುತ್ತ ನಿಂತವರನ್ನು ಕಳುಹಿಸಿ, ಟಿವಿ ಆಫ್ ಮಾಡಿ, ಮಾತಾಡುದು ಒಬ್ಬರೇ. ಅವರಿಗೂ ಬಾಗಿಲಿಗೂ ನಡುವೆ ನಿಲ್ಲಬೇಡಿ. ಸಂಕೋಲೆ ಹಾಕುದು ಕಾನೂನಲ್ಲಿ ನಿಷೇಧ (ಸೆಕ್ಷನ್ 95), ಒಂಟಿ ಕೋಣೆಯಲ್ಲಿ ಬೀಗ ಹಾಕಿ ಇಡುವ ಹಾಗೂ ಇಲ್ಲ (ಸೆಕ್ಷನ್ 97). "ಒಂದು ರಾತ್ರಿ ಮಾತ್ರ" ಅನ್ನುವ ರಿಯಾಯಿತಿ ಅದರಲ್ಲಿ ಇಲ್ಲ.

ಜೀವ ಬೇಡ ಅಂತ ಮಾತು ಬಂದ್ರೆ ನೇರವಾಗಿ ಕೇಳಿ, ಸಾಯಬೇಕು ಅಂತ ಅನಿಸ್ತದಾ ಅಂತ. ಕೇಳಿದ್ರೆ ಯೋಚನೆ ಹುಟ್ಟುದಿಲ್ಲ, ಇರುವ ಯೋಚನೆ ಹೊರಗೆ ಬರ್ತದೆ. ಒಬ್ಬರನ್ನೇ ಬಿಡಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ನಮ್ಮ ಮನೆಗಳು ಹೆಚ್ಚಾಗಿ ಅಡಿಕೆ ತೋಟದ ನಡುವೆ ಇರುದು. ಬಾವಿಗೆ ಬಿಗಿ ಜಾಲರಿ ಹಾಕಿಸಿ ಬೀಗ ಇಡಿ. ಹುಲ್ಲಿನ ಮದ್ದು, ಮೈಲುತುತ್ತು, ಇಲಿ ಪಾಷಾಣ ಕಂಪೌಂಡಿನ ಒಳಗೆ ಇಡಲೇಬೇಡಿ, ತೋಟದ ಕೆಲಸದವರಿಗೂ ಹೇಳಿ. ಕೈಗೆ ಸಿಗದೆ ಹೋದ್ರೆ ಆ ಕೆಟ್ಟ ಗಳಿಗೆ ದಾಟ್ತದೆ, ತುಂಬಾ ಜೀವ ಉಳಿಯುದು ಹಾಗೆಯೇ. ಪ್ರಯತ್ನ ಆಗಿಹೋದ್ರೆ ಕೇಸಿಗೆ ಹೆದರಿ ಮುಚ್ಚಿಡಬೇಡಿ, ಅಂಥವರು ತೀವ್ರ ಒತ್ತಡದಲ್ಲಿ ಇದ್ದರು ಅಂತಲೇ ಕಾನೂನು ಭಾವಿಸ್ತದೆ (ಸೆಕ್ಷನ್ 115).

ಅವರಾಗಿ ಒಪ್ಪಿದ್ರೆ ಅಡ್ಮಿಶನ್ ಸುಲಭ. ತೀರ್ಮಾನ ಮಾಡುವ ಸ್ಥಿತಿಯಲ್ಲಿ ಇಲ್ಲದಿದ್ರೆ ಹಂತ 3ರಲ್ಲಿ ಹೆಸರು ಬರೆದ ಪ್ರತಿನಿಧಿ ಅರ್ಜಿ ಕೊಡಬೇಕು, ಇಬ್ಬರು ತಜ್ಞರು ಪ್ರತ್ಯೇಕ ಪರೀಕ್ಷೆ ಮಾಡಿ ಒಪ್ಪಿದ್ರೆ 30 ದಿನದವರೆಗೆ ಸೇರಿಸಬಹುದು (ಸೆಕ್ಷನ್ 89). ತುರ್ತಿನಲ್ಲಿ ಯಾವ ನೋಂದಾಯಿತ ಡಾಕ್ಟರೂ 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು (ಸೆಕ್ಷನ್ 94), ಹಾಗಾಗಿ ಹತ್ತಿರದ ಆಸ್ಪತ್ರೆಯವರು "ಇಲ್ಲಿ ಸೈಕಿಯಾಟ್ರಿಸ್ಟ್ ಇಲ್ಲ" ಅಂದ್ರೆ ಈ ವಿಷಯ ಮರ್ಯಾದೆಯಲ್ಲಿ ನೆನಪು ಮಾಡಿ.

ಹಂತ 8: ಡಿಸ್ಚಾರ್ಜ್ ಆಗಿ ಬಂದ ಮೊದಲ ವಾರಗಳು

ಎಲ್ಲರೂ ಉಸಿರು ಬಿಡುವ ಹೊತ್ತು ಇದು, ಆದ್ರೆ ಆತ್ಮಹತ್ಯೆಯ ಅಪಾಯ ಹೆಚ್ಚು ಇರುವ ಹೊತ್ತು ಕೂಡ ಇದೇ. ಡಿಸ್ಚಾರ್ಜ್ ಮೊದಲು ಡಾಕ್ಟರ್ ನಿವಾಸಿಯ ಹತ್ರ, ಪ್ರತಿನಿಧಿ ಹತ್ರ, ಮುಂದೆ ನೋಡಿಕೊಳ್ಳುವವರ ಹತ್ರ ಮಾತಾಡಿ ಯೋಜನೆ ಮಾಡಬೇಕು (ಸೆಕ್ಷನ್ 98). ಫೋನಲ್ಲಿ "ಕರ್ಕೊಂಡು ಹೋಗಿ" ಅಂದ ಕೂಡ್ಲೆ ಡ್ರೈವರನ್ನು ಮಾತ್ರ ಕಳುಹಿಸಬೇಡಿ, ಜವಾಬ್ದಾರ ಸ್ಟಾಫ್ ಹೋಗಬೇಕು. ಮದ್ದು ಕೈಗೆ ಬರದೆ ವಾರ್ಡ್ ಬಿಡಬೇಡಿ, ಬೀಡಿ ವಿಷಯ ಅಲ್ಲೇ ಹೇಳಿ, ಮುಂದಿನ ತಾರೀಖು ಒಂದು ವಾರದ ಒಳಗೆ ಕೇಳಿ. ಬಂದ ದಿನವೇ ಹಳೇ ಡಬ್ಬಿ ಖಾಲಿ ಮಾಡಿ.

ಹಂತ 9: ಕೌನ್ಸೆಲಿಂಗ್ ಮತ್ತು ಕೆಲಸ

ಇದನ್ನು ಇಷ್ಟು ಕೆಳಗೆ ಇಟ್ಟದ್ದು ಬೇಕೆಂದೇ. ಗೊಂದಲದಲ್ಲಿ ಇರುವವರನ್ನು ಗುಂಪಲ್ಲಿ ಕೂರಿಸಿ ಯಾರೋ ಬಂದು ಒಂದು ಗಂಟೆ ಭಾಷಣ ಮಾಡಿದ್ರೆ ಅದು ಕೌನ್ಸೆಲಿಂಗ್ ಆಗುದಿಲ್ಲ. ನಿದ್ದೆ ಮದ್ದು ಒಂದು ಹದಕ್ಕೆ ಬಂದ ಮೇಲೆ ತರಬೇತಿ ಆದ ಸೈಕಾಲಜಿಸ್ಟ್ ಅಥವಾ ಸೋಶಿಯಲ್ ವರ್ಕರ್, ಪ್ರತಿ ಸಲ ಅದೇ ವ್ಯಕ್ತಿ, ವಾರದ ಅದೇ ದಿನ, ನಿವಾಸಿಯ ಭಾಷೆಯಲ್ಲಿ.

ಕೆಲಸ ಕೊಡಿ, ಆದ್ರೆ ಕೂಲಿ ಇಲ್ಲದೆ ತೋಟದಲ್ಲಿ ದುಡಿಸಿ ಅದಕ್ಕೆ ಥೆರಪಿ ಅಂತ ಹೆಸರಿಡಬೇಡಿ. ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುದು, ಬಸ್ಸಲ್ಲಿ ಕುಂಬಳೆಗೆ ಹೋಗಿ ಬರುದು, ಮನೆಗೆ ಫೋನ್ ಮಾಡುದು, ಹೊರಗೆ ಹೋಗುವ ದಾರಿ ತೆರೆಯುದು ಇಂಥದ್ದೇ. ಮನೆಯವರು ಇಲ್ಲ, ಜಾಗ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಒಬ್ಬರನ್ನು ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಸೆಕ್ಷನ್ 19 ಹೇಳ್ತದೆ. ವರ್ಷಕ್ಕೊಮ್ಮೆಯಾದ್ರೂ ಪ್ರತಿ ಫೈಲ್ ತೆಗೆದು "ಇವರು ಇನ್ನೂ ಇಲ್ಲಿ ಯಾಕೆ ಇದ್ದಾರೆ" ಅಂತ ಕೇಳಬೇಕು.

ದೇವಸ್ಥಾನ, ದರ್ಗಾ, ದೈವದ ಹರಕೆ ವಿಷಯದಲ್ಲಿ ಮನೆಯವರ ಹತ್ರ ಜಗಳ ಬೇಡ. ಹೋಗಿ ಬರಲಿ, ಮದ್ದಿನ ಡಬ್ಬಿ ಒಟ್ಟಿಗೆ ಹೋಗಲಿ.

ಹಂತ 10: ಕಾರ್ಡು, ಪೆನ್ಶನ್, ಪಾಸ್‌ಬುಕ್

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಮಾನಸಿಕ ಕಾಯಿಲೆಯೂ ಸೇರ್ತದೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡು) ಕೇರಳ ಸರ್ಕಾರದ ಅಕ್ಷಯ ಸೇವಾ ಕೇಂದ್ರದಲ್ಲಿ ಆನ್‌ಲೈನ್ ಅರ್ಜಿ ಹಾಕಿ, ಮೆಡಿಕಲ್ ಬೋರ್ಡ್ ಕರೆದಾಗ ಹೋಗಬೇಕು. ಹೆಚ್ಚಿನ ಸವಲತ್ತಿಗೆ 40 ಶೇಕಡಾ ಬೇಕು. ಬೋರ್ಡಿನವರು ನೋಡುದು ಸ್ವಂತ ಆರೈಕೆ, ಜನರ ಒಟ್ಟಿಗೆ ಬೆರೆಯುದು, ಮಾತು ತಿಳುವಳಿಕೆ, ಕೆಲಸ, ಮತ್ತೆ ಎಷ್ಟು ವರ್ಷದಿಂದ ಕಾಯಿಲೆ ಅಂತ. ನಮ್ಮವರು ಅವತ್ತು ಚೆಂದ ಸ್ನಾನ ಮಾಡಿಸಿ, ಇಸ್ತ್ರಿ ಅಂಗಿ ಹಾಕಿಸಿ, "ಎಲ್ಲ ಅವರೇ ಮಾಡ್ತಾರೆ" ಅಂತ ಹೆಮ್ಮೆಯಲ್ಲಿ ಹೇಳಿ ಬರ್ತಾರೆ, ಶೇಕಡಾ ಕಮ್ಮಿ ಬಂದ ಮೇಲೆ ಬೇಜಾರು. ಸುಳ್ಳು ಹೇಳುದು ಬೇಡ, ದಿನದ ಪುಸ್ತಕವನ್ನೇ ತೋರಿಸಿ, ಸ್ನಾನಕ್ಕೆ ಎಷ್ಟು ಸಲ ಕರೆಯಬೇಕು ಅಂತ ಅದರಲ್ಲೇ ಉಂಟು.

ಫಾರ್ಮ್ ಮಲಯಾಳದಲ್ಲಿ ಮಾತ್ರ ಇದ್ರೆ ಓದಿಸಿಕೊಂಡು ಸಹಿ ಹಾಕಿಸಿ. ಕೊಡುವ ಮೊದಲು ಪ್ರತಿ ಪುಟದ ಜೆರಾಕ್ಸ್ ಫೈಲಿಗೆ, ಕೊಟ್ಟ ಮೇಲೆ ರಶೀದಿ.

ಪೆನ್ಶನ್ ಬರ್ಲಿಕ್ಕೆ ಶುರು ಆದ್ರೆ ಪಾಸ್‌ಬುಕ್, ಎಟಿಎಂ ಕಾರ್ಡ್ ಯಾರ ಕೈಯಲ್ಲಿ ಉಂಟು ಅಂತ ಬರೆದಿಡಿ. ಸ್ಟಾಫ್ ಹತ್ರ ಪಿನ್ ನಂಬರ್ ಇರುದು ಎಷ್ಟು ನಂಬಿಕೆಯವರಾದ್ರೂ ಬೇಡ. ಖರ್ಚಿಗೆ ತೆಗೆದ ಪ್ರತಿ ಸಲ ಎಷ್ಟು, ಎಂತಕ್ಕೆ, ಯಾರು ಒಟ್ಟಿಗೆ ಇದ್ದರು ಅಂತ ಬರೆದು ನಿವಾಸಿಯ ಸಹಿ ಅಥವಾ ಹೆಬ್ಬೆಟ್ಟು, ಮನೆಯವರು ಬಂದಾಗ ಆ ಪುಟ ಅವರ ಎದುರು ತೆರೆದಿಡಿ.